ಮಿರ್ಚಿಗೆ ನಾಲ್ಕೂವರೆ, ವೋಟಿಂಗಿಗೆ ಮೂರು

ಬಳ್ಳಾರಿಯಲ್ಲಿ ಒಗ್ಗರಣಿ (ಒಗ್ಗರಣೆ ಹಾಕಿದ ಮಂಡಕ್ಕಿ)-ಮಿರ್ಚಿ ಬಂಡಿಗಳಿಗೇನು ಬರ ಇಲ್ಲ. ಆದರೂ ಗಾಂಧಿನಗರದ ಕಡೆ ಸಂಜೆ ನಿಲ್ಲುವ ಈ ಒಂದು ಬಂಡಿಯ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ಅರ್ಧ ಮಿರ್ಚಿ, ಇನ್ನರ್ಧ ಬೇಸಿಗೆ ರಜೆಯಲ್ಲಿ ಅಲ್ಲಿ ನಡೆದ ಕಾರ್ಟೂನ್ ಸಿನಿಮಾ ನಾಕೌಟ್: ಎರಡೆರಡು ಸಿನಿಮಾಕ್ಕೆ ಗಿರಾಕಿಗಳ ವೋಟು, ಸೋತದ್ದು ಔಟು. ಬಂಡಿಗೆ ಬೋರ್ಡಿಲ್ಲ, ಹೆಸರೂ ಇಲ್ಲ. ಮಿರ್ಚಿ ಬಿಡುವವರು ಅಪ್ಪ, ಪ್ಲೇಟು ಕಟ್ಟುವವರು ಅಮ್ಮ, ದುಡ್ಡು ತೆಗೆದುಕೊಳ್ಳುವವನು ಇಂಜಿನಿಯರಿಂಗ್ ಓದುವ ಮಗ. ನಾಕೌಟ್ ಅವನ ತಲೆಯಿಂದ ಬಂದದ್ದು.

ಮೊದಲು ತಿನ್ನುವುದರ ಮಾತು. ಒಗ್ಗರಣಿ ಒಂದು ಪ್ಲೇಟು, ಜೊತೆಗೆ ಎರಡು ಮಿರ್ಚಿ, 40 ರೂಪಾಯಿ. ಮಂಡಾಳು, ಅಂದರೆ ಮಂಡಕ್ಕಿ, ನೀರಲ್ಲಿ ಅದ್ದಿ ಕೂಡಲೇ ಹಿಂಡುತ್ತಾರೆ, ಹಾಗಾಗಿ ಮುದ್ದೆಯಾಗುವುದಿಲ್ಲ. ಪುಟಾಣಿ ಪುಡಿ ಧಾರಾಳ. ಉಳ್ಳಾಗಡ್ಡಿ ಪೂರ್ತಿ ಬೇಯಿಸದೆ ಬಿಟ್ಟಿರುತ್ತಾರೆ, ನನಗೆ ಅದು ಇಷ್ಟ, ನನ್ನ ಹೆಂಡತಿಗೆ ಇಲ್ಲ. ಮಿರ್ಚಿಯ ಹೊಟ್ಟೆ ಸೀಳಿ ಜೀರಿಗೆ, ಉಪ್ಪು, ಹುಣಸೆಹಣ್ಣು ಅರೆದು ತುಂಬುತ್ತಾರೆ. ಬಹಳ ಕಡೆ ಈಗ ಈ ಕೆಲಸ ಬಿಟ್ಟೇಬಿಟ್ಟಿದ್ದಾರೆ, ಬರೇ ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಇಲ್ಲಿ ಮೊದಲ ಕಚ್ಚಿಗೆ ಹುಳಿ ನಾಲಿಗೆಗೆ ತಾಗುತ್ತದೆ, ಖಾರ ಆಮೇಲೆ ಬರುತ್ತದೆ. ಐದರಲ್ಲಿ ಅರ್ಧ ಅಂಕ ಕಡಿಮೆ ಕೊಟ್ಟದ್ದು ಚಟ್ನಿಗೆ, ಅದು ನೀರು.

ಇನ್ನು ವೋಟಿಂಗು. ಬಂಡಿಯ ಪಕ್ಕಕ್ಕೆ ಒಂದು ಡ್ರಾಯಿಂಗ್ ಶೀಟು, ಮೇಲೆ ಪಾಲಿಥಿನ್ ಹೊದಿಕೆ. ಶೀಟಿನಲ್ಲಿ ಕ್ರಿಕೆಟ್ ಟೂರ್ನಮೆಂಟಿನ ಫಿಕ್ಸ್ಚರ್ ಥರ ಗೆರೆ ಎಳೆದು ಬಂಡಿಯ ಹುಡುಗ 16 ಸಿನಿಮಾ ಬರೆದಿದ್ದ. ಲಯನ್ ಕಿಂಗ್, ಟಾಯ್ ಸ್ಟೋರಿ, ಫೈಂಡಿಂಗ್ ನೀಮೋ, ಶ್ರೆಕ್, ಕುಂಗ್ ಫು ಪಾಂಡಾ, ಫ್ರೋಜನ್, ಕೋಕೋ, ಸ್ಪಿರಿಟೆಡ್ ಅವೇ, ನಮ್ಮ ಕಡೆಯಿಂದ 2005ರ ಹನುಮಾನ್, ಮಹಾವತಾರ ನರಸಿಂಹ, ಹೀಗೆ. ದಿನಕ್ಕೆ ಒಂದು ಜೋಡಿ. ಬಂಡಿಯ ಮೇಲೆ ಎರಡು ಗಾಜಿನ ಬರಣಿ, ಒಂದೊಂದಕ್ಕೂ ಸಿನಿಮಾದ ಚಿತ್ರ ಅಂಟಿಸಿದ್ದು. ಪ್ಲೇಟು ತೆಗೆದುಕೊಂಡವರಿಗೆ ಒಂದು ಹುಣಸೆ ಬೀಜ; ಬೇಕಾದ ಬರಣಿಗೆ ಹಾಕಬೇಕು. ರಾತ್ರಿ ಎಣಿಕೆ, ಸೋತದ್ದರ ಮೇಲೆ ಸ್ಕೆಚ್ ಪೆನ್ನಿನ ಗೀಟು. ಒಂದು ಮ್ಯಾಚಿಗೆ ಒಂದು ಸಿನಿಮಾ ಔಟು. 15 ಔಟಾದರೆ ಒಂದು ಉಳಿಯುತ್ತದೆ, ಅಂದರೆ 15 ಸಂಜೆಯ ಆಟ.

ಈ ಪದ್ಧತಿಯಲ್ಲಿ ಒಳ್ಳೆಯದೇನು ಅಂತ ಮೊದಲು ಹೇಳಿಬಿಡುತ್ತೇನೆ. 16 ಸಿನಿಮಾ ಒಟ್ಟಿಗೆ ಮುಂದಿಟ್ಟು ಒಂದಕ್ಕೆ ವೋಟು ಹಾಕಿ ಅಂದರೆ ವೋಟು ಚೂರುಚೂರಾಗುತ್ತದೆ. ನೂರರಲ್ಲಿ ಹದಿನೈದು ವೋಟು ಬಿದ್ದ ಸಿನಿಮಾ ಗೆದ್ದು ಕೂತಿರುತ್ತದೆ, ಎಂಬತ್ತೈದು ಮಂದಿ ಅದಕ್ಕೆ ವೋಟೇ ಹಾಕಿರುವುದಿಲ್ಲ. ವಾಟ್ಸಾಪ್ ಪೋಲಿನಲ್ಲಂತೂ 12 ಆಯ್ಕೆಗಿಂತ ಹೆಚ್ಚು ಹಾಕಲಿಕ್ಕೇ ಬರುವುದಿಲ್ಲ, ಅದರಲ್ಲಿ ಯಾರು ಯಾವುದಕ್ಕೆ ಒತ್ತಿದರು ಅನ್ನುವುದು ಗ್ರೂಪಿಗೆಲ್ಲ ಕಾಣುತ್ತದೆ. ಮಕ್ಕಳ ಕೈಯಲ್ಲಿ ಫೋನಿಲ್ಲ, ಇರುವುದು ಅಪ್ಪನ ಫೋನು. ಎರಡು ಬರಣಿ, ಒಂದು ಬೀಜ ಅಂದರೆ ಯುಕೆಜಿ ಮಗುವೂ ತನ್ನ ವೋಟು ತಾನೇ ಹಾಕುತ್ತದೆ. ಬೀಜ ಗಾಜಿಗೆ ಬಡಿದು ಟಣ್ ಅಂದಾಗ ಆ ಮುಖ ನೋಡಬೇಕು.

ಆದರೆ ಹುಣಸೆ ಬೀಜ! ಯಾರ ಅಡುಗೆಮನೆಯಲ್ಲಿ ಇಲ್ಲ ಅದು? ಮೂರನೇ ಸಂಜೆಗೇ ಓಣಿಯ ಹುಡುಗರು ಚಡ್ಡಿ ಜೇಬು ತುಂಬ ಬೀಜ ತುಂಬಿಕೊಂಡು ಬಂದಿದ್ದರು. ಅವತ್ತು ಫ್ರೋಜನ್ ಗೆದ್ದದ್ದು ಹಾಗೆ. ಬಂಡಿಯ ಹುಡುಗ ಮರುದಿನ ಬೀಜದ ಬದಲು ಜೀನ್ಸ್ ಗುಂಡಿ ತಂದ. ನಾನು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯುವವನು. ನಕ್ಕು ಹೇಳಿದೆ, ಬಳ್ಳಾರಿಯಲ್ಲಿ ಹುಣಸೆ ಬೀಜಕ್ಕಿಂತ ಜೀನ್ಸ್ ಗುಂಡಿಯೇ ಸಸ್ತಾ ಕಣಪ್ಪಾ ಅಂತ. ಕೊನೆಗೆ ರಟ್ಟಿನ ಚೂರಿಗೆ ರಬ್ಬರ್ ಸ್ಟಾಂಪು ಹೊಡೆದು, ದಿನಕ್ಕೊಂದು ಬಣ್ಣದ ಇಂಕು ಮಾಡಿದ. ಅಲ್ಲಿಂದ ಮುಂದೆ ಕಳ್ಳವೋಟು ನಿಂತಿತು.

ನಿಲ್ಲದೆ ಇದ್ದದ್ದು ದುಡ್ಡಿನ ವೋಟು. ಪ್ಲೇಟಿಗೊಂದು ವೋಟು ಅಂದಮೇಲೆ ಹತ್ತು ಪ್ಲೇಟು ಪಾರ್ಸೆಲ್ ಕಟ್ಟಿಸಿದವನಿಗೆ ಹತ್ತು ವೋಟು. ಒಂದು ಸಂಜೆ ಯಾವುದೋ ಆಫೀಸಿನವರು ಬಂದು ಪಾರ್ಸೆಲ್ ಒಯ್ದರು. ಚೀಟಿಗಳನ್ನು ನೋಡದೆ ಹತ್ತಿರದ ಬರಣಿಗೆ ಸುರಿದರು. ಅದು ಶ್ರೆಕ್ಕಿನ ಬರಣಿ. ಟಾಯ್ ಸ್ಟೋರಿ ಮನೆಗೆ ಹೋಯಿತು. 1995ರಲ್ಲಿ ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಉದ್ದನೆಯ ಸಿನಿಮಾ ಅದು, ನಮ್ಮ ಬಂಡಿಯಲ್ಲಿ ಪಾರ್ಸೆಲಿಗೆ ಸೋತಿತು. ಶ್ರೆಕ್ಕೂ ಕಡಿಮೆಯದಲ್ಲ ಅನ್ನಿ. ಆಸ್ಕರಿನಲ್ಲಿ ಅನಿಮೇಶನ್ ಸಿನಿಮಾಕ್ಕೆ ಬೇರೆ ಪ್ರಶಸ್ತಿ ಶುರುವಾದಾಗ ಮೊದಲು ಗೆದ್ದದ್ದು ಅದೇ. ಆದರೂ ಹೀಗಾ?

ಮಾಲೀಕರನ್ನು ಕೇಳಿದೆ, "ಅಣ್ಣಾ, ಒಬ್ಬರಿಗೆ ಒಂದೇ ವೋಟು ಅಂತ ಇಡಬಹುದಲ್ಲಾ?"

ಝಾರೆಯಲ್ಲಿ ಮಿರ್ಚಿ ಎತ್ತುತ್ತಲೇ ಅಂದರು, "ಸಾರ್, ನಾವು ಇಟ್ಟಿರೋದು ಯಾಪಾರ. ಎಲೆಕ್ಷನ್ ಬೇಕಂದ್ರ ಡಿಸಿ ಆಫೀಸಿಗೆ ಹೋಗ್ರಿ."

ಒಪ್ಪಬೇಕಾದ ಮಾತು. ಆದರೂ ಪ್ಲೇಟು ಕೊಳ್ಳದೆ ನಿಂತು ನೋಡುವ ಮಕ್ಕಳಿಗೂ ಒಂದೊಂದು ಚೀಟಿ ಕೊಟ್ಟಿದ್ದರೆ ವ್ಯಾಪಾರ ಹೆಚ್ಚೇ ಆಗುತ್ತಿತ್ತು. ಮಕ್ಕಳು ಒಬ್ಬರೇ ಬರುವುದಿಲ್ಲವಲ್ಲ.

ಇನ್ನೊಂದು ತಕರಾರು ಬರಣಿಯದು. ಗಾಜು ಅಂದಮೇಲೆ ಯಾವುದು ಮುಂದಿದೆ ಅಂತ ದೂರದಿಂದಲೇ ಕಾಣುತ್ತದೆ. ತುಂಬಿದ ಬರಣಿಗೇ ಜನ ತುಂಬುತ್ತಾರೆ. ಎಂಟು ಗಂಟೆಯ ಮೇಲೆ ಬಂದವರು ಸಿನಿಮಾ ಯಾವುದು ಅಂತಲೂ ಕೇಳುತ್ತಿರಲಿಲ್ಲ, ಗೆಲ್ಲುವ ಕಡೆ ಹಾಕಿ ಹೋಗುತ್ತಿದ್ದರು. ಸ್ಟೀಲ್ ಡಬ್ಬಿ ಇಟ್ಟಿದ್ದರೆ ಈ ಗೊಡವೆ ಇರುತ್ತಿರಲಿಲ್ಲ. ಟಣ್ ಸದ್ದೂ ಇನ್ನಷ್ಟು ಜೋರಾಗಿ ಬರುತ್ತಿತ್ತು.

ಆದರೆ ಇವೆಲ್ಲ ಸಣ್ಣವು. ದೊಡ್ಡದು ಡ್ರಾ, ಅಂದರೆ ಯಾವುದಕ್ಕೆ ಯಾವುದು ಎದುರು ಅಂತ ಜೋಡಿ ಕಟ್ಟುವುದು. ಹುಡುಗ ಕಣ್ಣುಮುಚ್ಚಿ ಚೀಟಿ ಎತ್ತಿ ಜೋಡಿ ಮಾಡಿದ್ದ, ಅದರಲ್ಲಿ ಮೋಸವೇನಿಲ್ಲ. ಏನಾಯಿತು ಅಂದರೆ, ಮೊದಲ ಸುತ್ತಿನಲ್ಲೇ ಮಹಾವತಾರ ನರಸಿಂಹಕ್ಕೆ ಎದುರಾಗಿ ಬಂದದ್ದು ಜಪಾನಿನವರೂ ನಮ್ಮವರೂ ಸೇರಿ 1990ರ ದಶಕದಲ್ಲಿ ಮಾಡಿದ ರಾಮಾಯಣ. ಎರಡಕ್ಕೂ ಅದೇ ಜನ, ಅದೇ ಭಕ್ತಿ, ಎರಡೂ ಸೆಮಿಫೈನಲಿನ ಸರಕು. ನರಸಿಂಹ 2025ರ ಜುಲೈನಲ್ಲಿ ಬಂತು, ಹೊಂಬಾಳೆ ಫಿಲ್ಮ್ಸಿನವರು ತಂದದ್ದು, ಕನ್ನಡದಲ್ಲೇ ನೋಡಲು ಸಿಕ್ಕಿತು. ರಾಮಾಯಣ ಅದೇ ವರ್ಷ ಜನವರಿಯಲ್ಲಿ ಥಿಯೇಟರಿಗೆ ಮರಳಿ ಬಂದಾಗ ತೆಲುಗು, ತಮಿಳು, ಹಿಂದಿ, ಇಂಗ್ಲಿಷಿನಲ್ಲಿ ಬಂತು. ಬಳ್ಳಾರಿಯಲ್ಲಿ ತೆಲುಗು ಬಾರದವರು ಯಾರು ಅನ್ನಬಹುದು, ಆದರೆ ಮಕ್ಕಳು ಕನ್ನಡದ್ದಕ್ಕೇ ಹಾಕಿದರು. ರಾಮ ಒಂದೇ ಸಂಜೆಗೆ ವನವಾಸಕ್ಕೆ ಹೋದ. ಅದೇ ಹೊತ್ತಿಗೆ ಶೀಟಿನ ಇನ್ನೊಂದು ತುದಿಯಲ್ಲಿ ಯಾರೂ ನೋಡದ ಎರಡು ಸಿನಿಮಾ ಎದುರುಬದುರಾಗಿ, ಒಂದು ಸುಮ್ಮನೆ ಎರಡನೇ ಸುತ್ತಿಗೆ ಹತ್ತಿತು.

ಓಣಿಯ ಟೆನ್ನಿಸ್ ಬಾಲ್ ಟೂರ್ನಮೆಂಟಿನವರಿಗೂ ಇದು ಗೊತ್ತು. ಹೋದ ವರ್ಷ ಫೈನಲ್ ಆಡಿದ ಎರಡು ಟೀಮನ್ನು ಮೇಲೊಂದು ಕೆಳಗೊಂದು ಹಾಕುತ್ತಾರೆ, ಫೈನಲಿನವರೆಗೆ ಅವು ಎದುರಾಗಬಾರದು ಅಂತ. ಇಲ್ಲೂ ಹಾಗೇ ಮಾಡಬಹುದಿತ್ತು. ಮೊದಲ ಸಂಜೆ ಪಂದ್ಯ ಇಡದೆ, 16 ಹೆಸರಿನ ಹಾಳೆ ಕೊಟ್ಟು ನೋಡಿದ ಸಿನಿಮಾಕ್ಕೆಲ್ಲ ರೈಟ್ ಮಾರ್ಕು ಹಾಕಿ ಅನ್ನಬೇಕಿತ್ತು. ಅತಿ ಹೆಚ್ಚು ಮಾರ್ಕು ಬಿದ್ದದ್ದು 1, ಅತಿ ಕಡಿಮೆ 16. ಆಮೇಲೆ 1ಕ್ಕೆ 16, 2ಕ್ಕೆ 15, ಹೀಗೆ 8ಕ್ಕೆ 9ರ ತನಕ ಜೋಡಿ ಕಟ್ಟಿ, 1 ಮತ್ತು 2ನ್ನು ಬೇರೆ ಬೇರೆ ಅರ್ಧಕ್ಕೆ ಹಾಕಿದರೆ ಮುಗಿಯಿತು.

ಹಾಗೆ ಮಾಡಿದರೂ ಡ್ರಾದ ಕೈವಾಡ ಪೂರ್ತಿ ಹೋಗುವುದಿಲ್ಲ. ನಮ್ಮ ಮನೆಯಲ್ಲೇ ಇದರ ನಮೂನೆ ಸಿಕ್ಕಿತು. ಮಗಳಿಗೆ ಮೊದಲು ಲಯನ್ ಕಿಂಗ್, ಆಮೇಲೆ ಪಾಂಡಾ, ಕೊನೆಗೆ ನರಸಿಂಹ. ಮಗನಿಗೆ ಮೊದಲು ಪಾಂಡಾ, ಆಮೇಲೆ ನರಸಿಂಹ, ಕೊನೆಗೆ ಲಯನ್ ಕಿಂಗ್. ಪಕ್ಕದ ಮನೆ ಹುಡುಗನಿಗೆ ನರಸಿಂಹ, ಲಯನ್ ಕಿಂಗ್, ಪಾಂಡಾ. ಮೂವರನ್ನೂ ಕೂಡಿಸಿ ಎರಡೆರಡಾಗಿ ಕೇಳಿದೆ. ಲಯನ್ ಕಿಂಗ್ ಪಾಂಡಾವನ್ನು ಎರಡು-ಒಂದರಲ್ಲಿ ಸೋಲಿಸಿತು. ಪಾಂಡಾ ನರಸಿಂಹವನ್ನು ಎರಡು-ಒಂದರಲ್ಲಿ. ಸರಿ, ಹಾಗಾದರೆ ಲಯನ್ ಕಿಂಗ್ ನರಸಿಂಹವನ್ನೂ ಸೋಲಿಸಬೇಕಲ್ಲ? ಇಲ್ಲ! ನರಸಿಂಹ ಲಯನ್ ಕಿಂಗನ್ನು ಎರಡು-ಒಂದರಲ್ಲಿ ಕೆಡವಿತು. ಯಾರ ಮನಸ್ಸಿನಲ್ಲೂ ಗೊಂದಲ ಇಲ್ಲ, ಒಟ್ಟು ಸೇರಿದಾಗ ಮಾತ್ರ ಸುತ್ತು. ಎರಡನ್ನು ಮೊದಲು ಆಡಿಸಿ, ಗೆದ್ದದ್ದನ್ನು ಮೂರನೆಯದರ ಎದುರು ಬಿಟ್ಟರೆ, ಮೊದಲ ಪಂದ್ಯ ಆಡದೆ ಪಕ್ಕಕ್ಕೆ ಕೂತದ್ದು ಯಾವುದೋ ಅದೇ ಕಪ್ ಗೆಲ್ಲುತ್ತದೆ. ಫ್ರಾನ್ಸಿನ ಕೊಂಡೋರ್ಸೆ ಅನ್ನುವ ಗಣಿತಜ್ಞ 1785ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಅಂದರೆ ಇಂಥ ಕಡೆ ಜೋಡಿ ಕಟ್ಟುವವನ ಕೈಯಲ್ಲೇ ಗೆಲುವು ಇರುತ್ತದೆ. ಬೀಜ ಹಾಕುವವರು ಬೀಜ ಹಾಕುತ್ತಾರೆ, ಅಷ್ಟೇ.

ಬಂಡಿಯಲ್ಲೂ ಹೆಚ್ಚುಕಡಿಮೆ ಅದೇ ಆಯಿತು. ಸೆಮಿಫೈನಲಿನಲ್ಲಿ ಪಾಂಡಾ ನರಸಿಂಹವನ್ನು ಕೂದಲೆಳೆಯಲ್ಲಿ ದಾಟಿತು. ಫೈನಲಿನಲ್ಲಿ ಲಯನ್ ಕಿಂಗ್ ಪಾಂಡಾವನ್ನು ದೊಡ್ಡ ಅಂತರದಲ್ಲಿ ಸೋಲಿಸಿತು. ಲಯನ್ ಕಿಂಗ್‌ಗೂ ನರಸಿಂಹಕ್ಕೂ ಮ್ಯಾಚೇ ಬೀಳಲಿಲ್ಲ. ಬಿದ್ದಿದ್ದರೆ ಸಿಂಹದ ಮುಂದೆ ನರಸಿಂಹ, ಬಂಡಿಯ ಮಂಡಾಳು ಖಾಲಿಯಾಗುತ್ತಿತ್ತು.

ಆ ಸಿಂಹದ ಗೆಲುವಿನಲ್ಲೂ ಒಂದು ತಮಾಷೆ ಇದೆ. ಶೀಟಿನಲ್ಲಿ ಬರೆದದ್ದು ಬರೇ 'ಲಯನ್ ಕಿಂಗ್'. ಹುಡುಗನ ಮನಸ್ಸಿನಲ್ಲಿದ್ದದ್ದು 1994ರ ಕೈಯಲ್ಲಿ ಬಿಡಿಸಿದ ಸಿನಿಮಾ. ನನ್ನ ಮಕ್ಕಳ ಪ್ರಕಾರ ಅದು 2019ರದು, ನಿಜವಾದ ಸಿಂಹದ ಹಾಗೆ ಕಾಣುವ ಕಂಪ್ಯೂಟರ್ ಸಿಂಹ. ಪಕ್ಕದ ಗ್ಯಾರೇಜಿನ ಹುಡುಗರು ದಂಡುಗಟ್ಟಿ ಬಂದು ವೋಟು ಹಾಕಿದ್ದು ಇವೆರಡಕ್ಕೂ ಅಲ್ಲ, 2024ರ ಮುಫಾಸಾ ಅನ್ನುವ ಇನ್ನೊಂದು ಸಿಂಹದ ಸಿನಿಮಾಕ್ಕೆ. ಯಾಕೆ ಅಂದರೆ ತೆಲುಗಿನಲ್ಲಿ ಮುಫಾಸಾಕ್ಕೆ ದನಿ ಕೊಟ್ಟದ್ದು ಮಹೇಶ್ ಬಾಬು. "ನಮ್ಮಣ್ಣನ ಸಿಂಹ" ಅಂತ ಕೂಗಿ ಕೂಗಿ ಚೀಟಿ ಹಾಕಿದರು. ಮೂರು ಸಿನಿಮಾದ ವೋಟು ಒಂದೇ ಬರಣಿಗೆ ಬಿತ್ತು. ಹೆಸರಿನ ಮುಂದೆ ಇಸವಿ ಬರೆದು, ಒಂದು ಚಿತ್ರ ಸರಿಯಾಗಿ ಅಂಟಿಸಿದ್ದರೆ ಸಾಕಿತ್ತು.

ನನ್ನ ವೋಟು ಎಲ್ಲಿ ಹೋಯಿತು ಅಂತ ಕೇಳಿದರೆ, ಫ್ಲೋಗೆ. ಲಾಟ್ವಿಯಾ ದೇಶದ್ದು, ಪ್ರವಾಹದಲ್ಲಿ ದೋಣಿ ಹತ್ತಿದ ಒಂದು ಬೆಕ್ಕಿನ ಕಥೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿ 2025ರಲ್ಲಿ ಆಸ್ಕರ್ ಹೊಡೆದರು. ಅದರಲ್ಲಿ ಒಂದೂ ಮಾತಿಲ್ಲ. ಕನ್ನಡ ಡಬ್ಬಿಂಗ್ ಬಂತಾ, ತೆಲುಗಿನಲ್ಲೇ ನೋಡಬೇಕಾ ಅನ್ನುವ ನಮ್ಮೂರಿನ ಜಗಳ ಆ ಬೆಕ್ಕಿಗೆ ಗೊತ್ತೇ ಇಲ್ಲ. ಮೊದಲ ಸುತ್ತಿನಲ್ಲಿ ಲಯನ್ ಕಿಂಗ್ ಎದುರು ಬಿತ್ತು, ಬರಣಿಯ ತಳ ಕಾಣುತ್ತಿತ್ತು. ಹುಡುಗ ಪಾಪ, ಎರಡು ನಿಮಿಷದ ತುಣುಕನ್ನು ಫೋನಿನಲ್ಲಿ ಹಾಕಿ ಗಿರಾಕಿಗಳಿಗೆ ತೋರಿಸಿದ. ಇದೊಂದು ಕೆಲಸಕ್ಕೆ ಅವನಿಗೆ ಪೂರ್ತಿ ಅಂಕ. ನೋಡದ ಸಿನಿಮಾ ನೋಡಿದ ಸಿನಿಮಾಕ್ಕೆ ಸೋಲುವುದು ಇದ್ದದ್ದೇ, ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಹಟ ಹಿಡಿದು ಪೂರ್ತಿ ಸಿನಿಮಾ ಹಾಕಿಸಿಕೊಂಡವಳು ಲಯನ್ ಕಿಂಗಿನ ವೋಟರ್, ನನ್ನ ಮಗಳು.

ಅದಕ್ಕೇ ವೋಟಿಂಗಿಗೆ ಐದರಲ್ಲಿ ಮೂರು. ಚೀಟಿಗೆ ಸ್ಟಾಂಪು ಹೊಡೆದದ್ದಕ್ಕೆ ಒಂದು, ಜೋಡಿ ಜೋಡಿಯಾಗಿ ಕೇಳಿದ್ದಕ್ಕೆ ಒಂದು, ಆ ತುಣುಕು ತೋರಿಸಿದ್ದಕ್ಕೆ ಒಂದು. ದಸರಾ ರಜೆಯಲ್ಲಿ ಇನ್ನೊಂದು ನಡೆಸುತ್ತಾನಂತೆ, ವಿಷಯ ಇನ್ನೂ ಗೊತ್ತು ಮಾಡಿಲ್ಲ. ಡ್ರಾ ಮಾಡುವ ಮುಂಚೆ ರೈಟ್ ಮಾರ್ಕಿನ ಹಾಳೆ ಹಂಚು ಅಂತ ಹೇಳಿದ್ದೇನೆ, ಜೆರಾಕ್ಸ್ ನಾನೇ ಮಾಡಿಸಿಕೊಡುತ್ತೇನೆ. ಅವರಪ್ಪ ಸ್ಟೀಲ್ ಡಬ್ಬಿಗೆ ಮಾತ್ರ ಒಪ್ಪಿಲ್ಲ; ಬರಣಿ ಕಂಡರೇ ಜನ ನಿಲ್ಲುತ್ತಾರೆ ಅನ್ನುತ್ತಾರೆ.

ಹೋಗುವವರು ಏಳು ಗಂಟೆಯ ಒಳಗೆ ಹೋಗಿ, ಎಣ್ಣೆ ಹೊಸದಿರುತ್ತದೆ. ಚಟ್ನಿ ಬೇಡ ಅನ್ನಿ, ಬದಲಿಗೆ ಹಸಿ ಉಳ್ಳಾಗಡ್ಡಿ ಕೇಳಿ, ಇಲ್ಲ ಅನ್ನುವುದಿಲ್ಲ. ಪಾರ್ಸೆಲ್ ಒಯ್ಯಬೇಡಿ. ಮನೆ ಮುಟ್ಟುವಷ್ಟರಲ್ಲಿ ಮಿರ್ಚಿ ಮೆತ್ತಗಾಗಿರುತ್ತದೆ.