ಪುಡಿ ವ್ಯಾಪಾರಕ್ಕೆ ವಾಟ್ಸಾಪ್ ಬಿಸಿನೆಸ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ನಾನು, ನಮ್ಮ ಅತ್ತೆ ಸೇರಿ ಸಾರಿನ ಪುಡಿ, ಹುಳಿ ಪುಡಿ, ಬಿಸಿಬೇಳೆಬಾತ್ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತೇವೆ. ಅಂಗಡಿ ಇಲ್ಲ. ಕೆಲಸಕ್ಕೆ ಜನ ಇಲ್ಲ. ಜಾಹೀರಾತಿಗೆ ಅಂತ ಎತ್ತಿಟ್ಟ ದುಡ್ಡೂ ಇಲ್ಲ. ಆರ್ಡರ್ ತೆಗೆದುಕೊಳ್ಳುವುದು, ಹೊಸಬರಿಗೆ ತಿಳಿಸುವುದು, ಬಾಕಿ ಕೇಳುವುದು ಎಲ್ಲವೂ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲೇ. ಮೂರು ವರ್ಷ ದಾಟಿತು. ಮನೆಯಿಂದಲೇ ಏನಾದರೂ ಶುರು ಮಾಡಬೇಕು ಅಂದುಕೊಂಡವರು ಇದರ ಬಗ್ಗೆ ತುಂಬಾ ಕೇಳುತ್ತಾರೆ. ನನಗೆ ಗೊತ್ತಾದದ್ದನ್ನು ಹೇಳುತ್ತೇನೆ.

ಸಣ್ಣ ವ್ಯಾಪಾರದವರಿಗೆ ಅಂತ ವಾಟ್ಸಾಪ್‌ನವರೇ ಮಾಡಿದ ಈ ಆ್ಯಪ್ ಬಂದಿದ್ದು 2018ರಲ್ಲಿ. ಪುಕ್ಕಟೆ. ಮಾಮೂಲಿ ವಾಟ್ಸಾಪ್ ಬಳಸಲು ಬಂದರೆ ಇದೂ ಬರುತ್ತದೆ, ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಆದರೆ ಒಂದೇ ನಂಬರಿನಲ್ಲಿ ಎರಡೂ ನಡೆಯುವುದಿಲ್ಲ. ಹಾಗಾಗಿ ಬೇರೆ ಸಿಮ್ ತೆಗೆದುಕೊಂಡೆ. ಅದು ಒಳ್ಳೆಯದೇ ಆಯಿತು. ನಮ್ಮ ಕಡೆಯವರ ಗುಡ್ ಮಾರ್ನಿಂಗ್ ಮೆಸೇಜುಗಳ ನಡುವೆ ಆರ್ಡರ್ ಕಳೆದುಹೋಗುವುದಿಲ್ಲ.

ಮೊದಲ ವರ್ಷದ ಗೌರಿ ಹಬ್ಬಕ್ಕೆ ಮುಂಚೆ ನೂರೆಂಬತ್ತು ಜನಕ್ಕೆ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ಎಲ್ಲರಿಗೂ, ಕಳಿಸಿದೆ. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು, ಗುಂಪಿನ ಹಾಗಲ್ಲದೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಉತ್ತರ ಬಂದಿದ್ದು ಹನ್ನೊಂದೇ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಪುಡಿ ಚೆನ್ನಾಗಿಲ್ಲವೇನೋ, ಜನ ಮುಲಾಜಿಗೆ ತೆಗೆದುಕೊಳ್ಳುತ್ತಿದ್ದರೇನೋ ಅನ್ನಿಸಿತು. ಎರಡು ದಿನ ಬಿಟ್ಟು ಎದುರು ಮನೆಯ ಆಂಟಿ ಹುಳಿ ಪುಡಿಗೆ ಬಂದರು. "ಮೆಸೇಜ್ ನೋಡಿದ್ರಾ ಆಂಟಿ?" ಅಂದೆ. "ಯಾವ ಮೆಸೇಜಮ್ಮ? ನನಗೇನೂ ಬಂದಿಲ್ವಲ್ಲ" ಅಂದರು. ಅವರ ಫೋನ್ ಇಸಕೊಂಡು ನೋಡಿದೆ. ಪ್ರತಿ ತಿಂಗಳು ಪುಡಿ ಕೊಳ್ಳುವವರು, ಆದರೆ ಅವರ ಫೋನಿನಲ್ಲಿ ನನ್ನ ಹೆಸರೇ ಇಲ್ಲ. ಬರೀ ಹತ್ತು ಅಂಕಿ.

ವಿಷಯ ಇಷ್ಟೇ. ಎದುರಿನವರು ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಬ್ರಾಡ್‌ಕಾಸ್ಟ್ ಅವರಿಗೆ ಮುಟ್ಟುತ್ತದೆ. ಸ್ಟೇಟಸ್ಸಿಗೂ ಹಾಗೇ, ಅಲ್ಲಿ ಅವರ ನಂಬರನ್ನು ನಾವೂ ಸೇವ್ ಮಾಡಿರಬೇಕು. ಕಂಡಕಂಡವರಿಗೆಲ್ಲ ಮೆಸೇಜ್ ಹೋಗಬಾರದು ಅಂತ ಮಾಡಿರುವ ಏರ್ಪಾಡು ಇದು. ಸರಿಯಾದ ಏರ್ಪಾಡೇ. ಆದರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಅಲ್ಲಿಂದ ನನ್ನ ಪ್ರಚಾರ ಅಂದರೆ ಒಂದೇ ಕೆಲಸ, ನಂಬರ್ ಸೇವ್ ಮಾಡಿಸುವುದು. ಪ್ಯಾಕೆಟ್ ಕೊಡುವಾಗ ಬಾಯಿಬಿಟ್ಟು ಕೇಳುತ್ತೇನೆ. ವಯಸ್ಸಾದವರಾದರೆ ಅವರ ಫೋನ್ ತೆಗೆದುಕೊಂಡು ನಾನೇ ಸೇವ್ ಮಾಡಿಕೊಡುತ್ತೇನೆ, "ಸಾರಿನ ಪುಡಿ" ಅಂತ. ನನ್ನ ಹೆಸರು ಅವರಿಗೆ ನೆನಪಿರುವುದಿಲ್ಲ, ಪುಡಿ ನೆನಪಿರುತ್ತದೆ. ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತನ್ನೂ ಬದಲಾಯಿಸಿದೆ. "ನಮಸ್ಕಾರ, ಒಲೆ ಮುಂದೆ ಇದ್ದೀನಿ, ಅರ್ಧ ಗಂಟೆಯಲ್ಲಿ ಉತ್ತರ ಕೊಡ್ತೀನಿ. ಅಷ್ಟರಲ್ಲಿ ಈ ನಂಬರ್ ಸೇವ್ ಮಾಡ್ಕೊಳ್ಳಿ." ಹದಿನಾಲ್ಕು ದಿನ ಮಾತಿಲ್ಲದೆ ಇದ್ದು ಮತ್ತೆ ಬಂದವರಿಗೂ ಇದೇ ಹೋಗುತ್ತದೆ. ಮುಂದಿನ ವರ್ಷದ ಹಬ್ಬಕ್ಕೆ ಅದೇ ಥರದ ಮೆಸೇಜಿಗೆ ಎಪ್ಪತ್ತಕ್ಕೂ ಜಾಸ್ತಿ ಆರ್ಡರ್ ಬಂತು.

ಕೈಯಿಂದ ದುಡ್ಡು ಹಾಕಿದ್ದು ಸ್ಟಿಕ್ಕರಿಗೆ ಮಾತ್ರ. ಆ್ಯಪ್ ಒಂದು ಕ್ಯೂಆರ್ ಕೋಡ್ ಕೊಡುತ್ತದೆ. ಸುಲ್ತಾನ್‌ಪೇಟೆಯಲ್ಲಿ ಅದನ್ನು ಪ್ರಿಂಟ್ ಮಾಡಿಸಿ ಪ್ಯಾಕೆಟ್ಟಿನ ಹಿಂದೆ ಅಂಟಿಸುತ್ತೇನೆ. ಸ್ಕ್ಯಾನ್ ಮಾಡಿದರೆ ನನ್ನ ಚಾಟ್ ತೆರೆದುಕೊಂಡು "ಪುಡಿ ಬೇಕಿತ್ತು" ಅಂತ ಬರೆದು ರೆಡಿ ಇರುತ್ತದೆ, ಕಳಿಸಿದರೆ ಆಯಿತು. ಒಬ್ಬರ ಮನೆಗೆ ಊಟಕ್ಕೆ ಬಂದವರು ಅಡುಗೆಮನೆಯಲ್ಲೇ ನಿಂತು ಸ್ಕ್ಯಾನ್ ಮಾಡಿದ್ದೂ ಉಂಟು. ಆ ಸ್ಟಿಕ್ಕರಿನ ಪಕ್ಕದಲ್ಲೇ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನೋಂದಣಿಯ 14 ಅಂಕಿಯ ನಂಬರ್ ಇದೆ. ತಿನ್ನುವ ಪದಾರ್ಥ ಮಾರುವವರು ದಯವಿಟ್ಟು ಇದನ್ನು ಮೊದಲು ಮಾಡಿಸಿ. ನಾನು ಮಾಡಿಸಿದಾಗ ಸಣ್ಣ ವ್ಯಾಪಾರದವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು.

ಸ್ಟೇಟಸ್‌ನಲ್ಲಿ ಮೊದಮೊದಲು ಪ್ಯಾಕೆಟ್ಟಿನ ಫೋಟೊ ಹಾಕುತ್ತಿದ್ದೆ. ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ದಿನ ಮಹಡಿ ಮೇಲೆ ಹಳೆ ಸೀರೆ ಹಾಸಿ ಮೆಣಸಿನಕಾಯಿ ಒಣಗಿಸುವಾಗ ಅರ್ಧ ನಿಮಿಷದ ವಿಡಿಯೊ ಮಾಡಿದೆ. ಎಡಗಡೆ ಬ್ಯಾಡಗಿ, ಸುಕ್ಕುಸುಕ್ಕಾಗಿ ಕಡುಗೆಂಪು. ಬಲಗಡೆ ಗುಂಟೂರು, ನುಣ್ಣಗೆ. "ಬಣ್ಣಕ್ಕೆ ಇದು, ಖಾರಕ್ಕೆ ಅದು, ನಾವು ಹಾಕೋದು ಮೂರಕ್ಕೆ ಒಂದು" ಅಂತ ಹೇಳಿದೆ, ಅಷ್ಟೇ. ಸಾಯಂಕಾಲದೊಳಗೆ ಹದಿನಾಲ್ಕು ಜನ ಕೇಳಿದರು. ಈಗ ವಾರಕ್ಕೆ ಎರಡು ಸಲ, ಹುರಿಯುವ ದಿನ ಮತ್ತು ಮಿಲ್ಲಿಗೆ ಹೋಗುವ ದಿನ, ವಿಡಿಯೊ ಹಾಕುತ್ತೇನೆ. 24 ಗಂಟೆಗೆ ಅಳಿಸಿಹೋಗುತ್ತದೆ ಅನ್ನುವುದೇ ಒಂದು ಅನುಕೂಲ. ನೋಡಿದವರು ಆಮೇಲೆ ಕೇಳೋಣ ಅಂತ ಬಿಡುವುದಿಲ್ಲ.

ಇನ್ನು ಲೇಬಲ್, ಅಂದರೆ ಒಬ್ಬೊಬ್ಬರ ಚಾಟಿಗೂ ಅಂಟಿಸುವ ಗುರುತಿನ ಚೀಟಿ. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇದು. ಇಪ್ಪತ್ತು ಲೇಬಲ್ ಮಾಡಿಕೊಳ್ಳಬಹುದು. ಮೊದಲೇ ಇದ್ದ "ಹೊಸ ಆರ್ಡರ್", "ಹಣ ಬಾಕಿ" ಇತ್ಯಾದಿ ಸರಿಯೇ. ಆದರೆ ನಾನೇ ಮಾಡಿಕೊಂಡವು ಬೇರೆ: "ಖಾರ ಕಮ್ಮಿ", "ಇಂಗು ಬೇಡ", "ಸೂಟ್‌ಕೇಸ್". ಕೊನೆಯದು ಅಮೆರಿಕಕ್ಕೋ ಜರ್ಮನಿಗೋ ಮಕ್ಕಳ ಹತ್ತಿರ ಹೋಗುವವರದ್ದು. ಅವರಿಗೆ ಎರಡು ಪದರದ ಪ್ಯಾಕಿಂಗ್ ಮಾಡಬೇಕು, ಇಲ್ಲದಿದ್ದರೆ ಬಟ್ಟೆಯೆಲ್ಲ ಸಾರಿನ ವಾಸನೆ. ಆರು ತಿಂಗಳ ಮೇಲೆ ಬಂದವರಿಗೂ "ಇಂಗು ಹಾಕಿಲ್ಲ ಆಂಟಿ" ಅಂದರೆ ಅವರ ಮುಖ ಅರಳುತ್ತದೆ. ದೊಡ್ಡ ಕಂಪನಿಯ ಪ್ಯಾಕೆಟ್ಟಿಗಿಂತ ನಮ್ಮ ಬೆಲೆ ಜಾಸ್ತಿ. ಆದರೂ ಜನ ಬರುವುದು ಇದಕ್ಕೇ ಅಂತ ನನ್ನ ನಂಬಿಕೆ.

ಮಾರುವ ಪದಾರ್ಥಗಳನ್ನು ತೋರಿಸುವ ಕ್ಯಾಟಲಾಗ್ ಇದೆ, 500 ಪದಾರ್ಥ ಸೇರಿಸಬಹುದು. ನನ್ನ ಹತ್ತಿರ ಇರುವುದು ಒಂಬತ್ತು. ಚಿಕ್ಕ ವಯಸ್ಸಿನವರು ಅದರಲ್ಲೇ ಆರಿಸಿ ಕಳಿಸುತ್ತಾರೆ. ಉಳಿದವರು ಅದನ್ನು ತೆರೆಯುವುದೇ ಇಲ್ಲ. ದರಪಟ್ಟಿಯನ್ನು ಕ್ವಿಕ್ ರಿಪ್ಲೈನಲ್ಲಿ (ಮೊದಲೇ ಬರೆದಿಟ್ಟ ಉತ್ತರ) ಇಟ್ಟುಕೊಳ್ಳಿ, ಸ್ಲ್ಯಾಷ್ ಒತ್ತಿದರೆ ಬರುತ್ತದೆ, ಅದು ಸಾಕು.

ಒಂದು ಪೆಟ್ಟು ತಿಂದಿದ್ದನ್ನೂ ಹೇಳಬೇಕು. ಎರಡನೇ ವರ್ಷ ದಸರಾ ಹೊತ್ತಿನಲ್ಲಿ ಫೋನ್ ನೀರಿಗೆ ಬಿತ್ತು. ಹೊಸ ಫೋನಿನಲ್ಲಿ ಬ್ಯಾಕಪ್ ತೆರೆದರೆ ಅದು ಐದು ವಾರ ಹಳೆಯದು. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಹೋಗುವುದು ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗದೊಳಗೆ. ವಿಡಿಯೊಗಳಿಂದ ಅದು ತುಂಬಿ ಹೋಗಿತ್ತು, ನಾನು ನೋಡಿರಲಿಲ್ಲ. ಮುಂಗಡ ಕೊಟ್ಟವರು ಯಾರು, ಬಾಕಿ ಯಾರದ್ದು, ಒಂದೂ ಗೊತ್ತಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಎಲ್ಲರೂ ನಿಜ ಹೇಳಿದರು, ಆ ಋಣ ದೊಡ್ಡದು. ಅಂದಿನಿಂದ ಪ್ರತಿ ಆರ್ಡರ್ ಉದ್ದ ನೋಟ್‌ಬುಕ್ಕಿನಲ್ಲೂ ಬರೆಯುತ್ತೇನೆ. ನೀವೂ ಬರೆದುಕೊಳ್ಳಿ.

ಹತ್ತು ಸಾವಿರ ನಂಬರ್ ಕೊಡುತ್ತೇವೆ, ಒಟ್ಟಿಗೆ ಮೆಸೇಜ್ ಹೊಡೆಯಿರಿ ಅಂತ ಹೇಳಿಕೊಂಡು ಬರುವವರು ಇರುತ್ತಾರೆ. ಬೇಡ. ಗೊತ್ತಿಲ್ಲದವರು ಸಾಲಾಗಿ ರಿಪೋರ್ಟ್ ಮಾಡಿದರೆ ಖಾತೆಯೇ ಬಂದ್ ಆಗುತ್ತದೆ. ಕುಪ್ಪಸ ಹೊಲಿಯುವ ನನ್ನ ಗೆಳತಿಗೆ ಹಾಗೇ ಆಯಿತು.

ಈ ವರ್ಷ ಶುರು ಮಾಡಿದ ಒಂದು ಹೊಸ ಅಭ್ಯಾಸ ಇದೆ. ಒಂದು ಖಾತೆಗೆ ಇನ್ನೂ ನಾಲ್ಕು ಸಾಧನ ಜೋಡಿಸಬಹುದು. ನಮ್ಮ ಮನೆಯವರ ಹಳೆ ಫೋನನ್ನು ಜೋಡಿಸಿ ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟಿದ್ದೇನೆ. ಅತ್ತೆಗೆ ಟೈಪ್ ಮಾಡಲು ಬರುವುದಿಲ್ಲ. ಆದರೆ ಯಾರಾದರೂ ವಾಯ್ಸ್ ಮೆಸೇಜ್ ಕಳಿಸಿದರೆ ಅವರೇ ಕೇಳುತ್ತಾರೆ, ಮೈಕ್ ಒತ್ತಿ ಹಿಡಿದು ಉತ್ತರವನ್ನೂ ಹೇಳುತ್ತಾರೆ. ಮೊನ್ನೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು "ಹುಳಿ ಮಾಡಿದ್ರೆ ಬೇಳೆ ಬೇಯ್ತಾನೇ ಇಲ್ಲ ಅಜ್ಜಿ" ಅಂತ ಕೇಳಿದ್ದಳು. ಅತ್ತೆ ಒಗ್ಗರಣೆ ಸೌಟು ಕೆಳಗಿಟ್ಟು, ಫೋನನ್ನು ಬಾಯಿ ಹತ್ತಿರ ತಂದು, ನಿಧಾನವಾಗಿ ಹೇಳಿದರು: "ಹುಣಸೆಹಣ್ಣು ಮೊದಲೇ ಹಾಕಬೇಡಮ್ಮ. ಬೇಳೆ ಬೆಂದ ಮೇಲೆ ಹಾಕು. ಪುಡಿ ಅದಕ್ಕೂ ಆಮೇಲೆ."