ರೇಕಿಗೆ ಹೋಗಲೋ, ಆಕ್ಯುಪ್ರೆಶರಿಗೋ?

ಅಡಿಕೆ ಸುಲಿದು ಹೆಗಲು ಹಿಡಿದುಕೊಂಡಿದೆ, ರಾತ್ರಿ ನಿದ್ದೆಯೂ ಇಲ್ಲ, ಎರಡರಲ್ಲಿ ಯಾವುದಾದೀತು ಎಂದು ಬದಿಯಡ್ಕದ ಅಕ್ಕ ಒಬ್ಬರು ಕೇಳಿದ್ದಾರೆ.

ಆಕ್ಯುಪ್ರೆಶರ್ ಎಂದರೆ ಮೈಮೇಲಿನ ಕೆಲವು ಬಿಂದುಗಳನ್ನು ಬೆರಳಿನಿಂದ ಒತ್ತುವುದು; ಖರ್ಚಿನಲ್ಲಿ ಇದೇ ಹಗುರ. ಒಮ್ಮೆ ಕಲಿತರೆ ನಿಮ್ಮ ಹೆಬ್ಬೆರಳೇ ಸಾಕು. ಉದಾಹರಣೆಗೆ, ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಹುರಿಯಂತೆ ಕೈಗೆ ಸಿಗುವ ಎರಡು ಸ್ನಾಯುರಜ್ಜುಗಳ ನಡುವೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮಡಿಕೇರಿ ಘಾಟಿಯಲ್ಲಿ ಬಸ್ಸು ತಿರುಗುವಾಗ ಬರುವ ವಾಕರಿಕೆಗೆ ಒತ್ತುವ ಬಿಂದು ಇದು; ವಾಕರಿಕೆಯ ಮಟ್ಟಿಗೆ ಅಧ್ಯಯನಗಳ ಆಧಾರವೂ ಸ್ವಲ್ಪ ಉಂಟು. ಬಸುರಿಯರು ಮಾತ್ರ ಹೆಬ್ಬೆರಳು, ತೋರುಬೆರಳಿನ ನಡುವಿನ ಬಿಂದುವನ್ನು ಒತ್ತುವುದು ಬೇಡ.

ರೇಕಿ 1922ರಲ್ಲಿ ಜಪಾನಿನ ಮಿಕಾವೊ ಉಸುಯಿ ಶುರುಮಾಡಿದ್ದು. ಉಟ್ಟ ಬಟ್ಟೆಯಲ್ಲೇ ಮಲಗಿದರಾಯಿತು, ಕೈಯನ್ನು ಹಗುರಾಗಿ ಇಡುತ್ತಾರಷ್ಟೆ. ಆ ಕೈಯಿಂದ ಮೈಗೆ ಶಕ್ತಿ ಹರಿಯುತ್ತದೆ ಎನ್ನುತ್ತಾರೆ, ಅದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೂ ಫೋನಿಲ್ಲದೆ, ಯಾರೂ ಕರೆಯದೆ ಸುಮ್ಮನೆ ಮಲಗುವ ಭಾಗ್ಯ ನಮ್ಮ ಮನೆಗಳಲ್ಲಿ ಯಾವ ಹೆಂಗಸಿಗುಂಟು? ಒತ್ತಿದರೆ ನೋಯುವ ವಯಸ್ಸಾದವರಿಗೂ ಇದೇ ಹಿತ. ಆದರೆ ಪ್ರತಿಸಲ ದುಡ್ಡು ಕೊಡಬೇಕು, ಪೇಟೆಗೂ ಹೋಗಬೇಕು.

ಹೆಗಲ ಬಿಗಿತವೇ ದೊಡ್ಡದಾದರೆ ಆಕ್ಯುಪ್ರೆಶರ್, ತಲೆಯೊಳಗಿನ ಗಿಜಿಗಿಜಿ ಹೆಚ್ಚಾದರೆ ರೇಕಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಗಟ್ಟಿ ಒತ್ತಿಸಿಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ. ಬಿಪಿ ಮಾತ್ರೆ ಬಿಡಿ ಎಂದು ಯಾರಾದರೂ ಹೇಳಿದರೆ ಚಪ್ಪಲಿ ಮೆಟ್ಟಿ ಹೊರಡಿ.