ಅರಳಿಸಿದ ವೈಲ್ಡ್ ರೈಸ್: ಸರೋವರದ ಕಾಳೋ, ಗದ್ದೆಯ ಕಾಳೋ?

ವೈಲ್ಡ್ ರೈಸ್ ಎಂದರೆ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲಿನ ಕಾಳು, ನಮ್ಮ ಅಕ್ಕಿಯಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಅಂಗಡಿಗಳಲ್ಲಿ ಈ ಒಂದೇ ಹೆಸರಿನಲ್ಲಿ ಎರಡು ಬಗೆಯ ಕಾಳುಗಳು ಸಿಗುತ್ತವೆ. ಬೇಯಿಸಿ ಉಣ್ಣುವವರಿಗೆ ಎರಡೂ ಒಗ್ಗುತ್ತವೆ. ಆದರೆ ಬಿಸಿ ಎಣ್ಣೆಯಲ್ಲಿ ಅರಳಿಸಿ ಸಂಜೆಯ ಕುರುಕಲು ತಿಂಡಿ ಮಾಡಬೇಕೆನ್ನುವವರು ಪೊಟ್ಟಣದ ಮೇಲಿನ ಚೀಟಿಯನ್ನು ಓದಿಯೇ ಕೊಳ್ಳಬೇಕು. ಎರಡನ್ನೂ ತಂದು, ಒಂದೇ ಬಾಣಲೆಯಲ್ಲಿ ಅರಳಿಸಿ ನೋಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಮೊದಲನೆಯದು ಗದ್ದೆಯಲ್ಲಿ ಬೆಳೆಸಿ ಯಂತ್ರದಿಂದ ಕೊಯ್ದ ಕಾಳು. ಮಿನೆಸೋಟದ ಕಾನೂನಿನಂತೆ ಇದರ ಪೊಟ್ಟಣದ ಮೇಲೆ ‘ಪ್ಯಾಡಿ ಗ್ರೋನ್’ (ಗದ್ದೆಯಲ್ಲಿ ಬೆಳೆದದ್ದು) ಎಂದು ಅಚ್ಚಾಗಿರಬೇಕು. ಎರಡನೆಯದು ಸರೋವರಗಳಲ್ಲಿ ತಾನಾಗಿ ಬೆಳೆದದ್ದು. ಆ ಭಾಗದ ಮೂಲನಿವಾಸಿಗಳಾದ ಓಜಿಬ್ವೆ ಜನರು ಇದನ್ನು ಮನೂಮಿನ್ ಎನ್ನುತ್ತಾರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇಬ್ಬಿಬ್ಬರು ದೋಣಿಯಲ್ಲಿ ಹೋಗಿ, ಒಬ್ಬರು ಉದ್ದನೆಯ ಗಳುವಿನಿಂದ ದೋಣಿ ನಡೆಸುತ್ತಿರುವಾಗ ಇನ್ನೊಬ್ಬರು ಒಂದು ಕೋಲಿನಿಂದ ತೆನೆಗಳನ್ನು ಬಾಗಿಸಿ, ಮತ್ತೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಬಲಿತ ಕಾಳು ದೋಣಿಗೆ ಉದುರುತ್ತದೆ, ನೀರಿಗೆ ಬಿದ್ದದ್ದು ಮುಂದಿನ ಬೆಳೆಗೆ ಬೀಜವಾಗುತ್ತದೆ. ಬಳಿಕ ಹುರಿದು, ಹೊಟ್ಟು ಬಿಡಿಸಿ, ಕೇರುತ್ತಾರೆ. 1977ರಲ್ಲಿ ವೈಲ್ಡ್ ರೈಸ್ ಮಿನೆಸೋಟದ ರಾಜ್ಯಧಾನ್ಯವಾಯಿತು. 2018ರಲ್ಲಿ ವೈಟ್ ಅರ್ತ್ ಓಜಿಬ್ವೆ ಸಮುದಾಯವು ಮನೂಮಿನ್‌ಗೇ ಕಾನೂನಿನ ಹಕ್ಕುಗಳನ್ನು ಕೊಟ್ಟಿತು. ಒಂದು ಧಾನ್ಯವನ್ನು ಇಷ್ಟು ಗೌರವದಿಂದ ಕಾಣುವ ಜನರ ಕೈಯಿಂದ ಬಂದ ಕಾಳನ್ನು ಎಣ್ಣೆಗೆ ಹಾಕುವಾಗ ನನ್ನ ಕೈಯೂ ಎಚ್ಚರದಿಂದಲೇ ನಡೆಯುತ್ತದೆ.

ಅರಳಿಸುವ ಕ್ರಮ ಸರಳವಾದರೂ ಅವಸರಕ್ಕೆ ಒಗ್ಗುವುದಿಲ್ಲ. ಕಾಳನ್ನು ತೊಳೆಯಬಾರದು, ಒದ್ದೆ ಕಾಳಿನಿಂದ ಎಣ್ಣೆ ಸಿಡಿಯುತ್ತದೆ. ಸಾಮಾನ್ಯ ಜಾಲರಿ ಸೌಟಿನ ತೂತುಗಳಲ್ಲಿ ಈ ತೆಳುವಾದ ಕಾಳು ಜಾರಿಹೋಗುವುದರಿಂದ, ಪೂರ್ತಿ ಲೋಹದ, ಉದ್ದ ಹಿಡಿಯ ಸಣ್ಣ ಸೋಸುಬಲೆ ಬೇಕು. ಕಡಲೆಕಾಯಿ ಎಣ್ಣೆಯನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೊದಲು ಎರಡು ಮೂರು ಕಾಳು ಹಾಕಿ ನೋಡಬೇಕು. ಅವು ಕೂಡಲೇ ಅರಳಿ ಮೇಲೆದ್ದರೆ ಒಂದು ಚಮಚದಷ್ಟನ್ನು ಸೋಸುಬಲೆಯಲ್ಲಿ ಇಳಿಸಬಹುದು. ಕಾಳಿನೊಳಗಿನ ತೇವ ಉಗಿಯಾಗಿ ಹೊರಬರಲು ಒತ್ತುವಾಗ ಹೊರಪದರ ಉದ್ದಕ್ಕೆ ಸೀಳಿ, ಒಳಗಿನ ಬಿಳುಪು ಹೊರಳಿ ಬರುತ್ತದೆ. ಜೋಳದ ಅರಳಿನ ಹಾಗೆ ಹೂವಾಗಿ ಉಬ್ಬುವುದನ್ನು ಇಲ್ಲಿ ನಿರೀಕ್ಷಿಸಬಾರದು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ತಡವಾದರೆ ಕಹಿಯಾಗುತ್ತದೆ. ತೆಗೆದ ಕೂಡಲೇ, ಎಣ್ಣೆಯ ಪಸೆ ಇರುವಾಗಲೇ, ಪುಡಿ ಉಪ್ಪು ಉದುರಿಸಬೇಕು.

ಗದ್ದೆಯ ಕಾಳು ಕಪ್ಪಗೆ, ಒಂದೇ ಗಾತ್ರದಲ್ಲಿದ್ದುದರಿಂದ ಒಟ್ಟಿಗೆ ಅರಳಿತು. ನೋಡಲು ಅಂದವಾಗಿತ್ತು, ರುಚಿ ಮಾತ್ರ ಸಪ್ಪೆ, ಸಿಪ್ಪೆ ಹಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಸರೋವರದ ಕಾಳಿನಲ್ಲಿ ಕಂದು, ಬೂದು, ತುಸು ಹಸಿರು ಬಣ್ಣಗಳೂ ಸಣ್ಣ ದೊಡ್ಡ ಗಾತ್ರಗಳೂ ಬೆರೆತಿದ್ದವು. ಹೀಗಾಗಿ ಕೆಲವು ಮೊದಲೇ ಅರಳಿ, ಕೆಲವು ಅರಳದೆಯೇ ಉಳಿದವು. ಆದರೆ ಅರಳಿದವುಗಳ ಹಗುರ, ಕಟ್ಟಿಗೆಯ ಹೊಗೆಯ ನಸುಗಂಪು, ಹುರಿದ ಬೀಜದಂಥ ಸವಿ ಇವು ಮೊದಲನೆಯದರಲ್ಲಿ ಇರಲೇ ಇಲ್ಲ. ಸಮನಾಗಿ ಅರಳುವುದಷ್ಟೇ ಮುಖ್ಯವೆನ್ನುವವರಿಗೆ ಗದ್ದೆಯದು ಸಾಕು. ತಿನ್ನುವ ಸುಖಕ್ಕೆ ನಾನು ಸರೋವರದ್ದನ್ನೇ ಆರಿಸುತ್ತೇನೆ. ನುಚ್ಚು ಬೇಗ ಸೀಯುವುದರಿಂದ ಎಣ್ಣೆಗೆ ಹಾಕುವ ಮೊದಲು ಕೇರಿ ತೆಗೆದರೆ ಒಳ್ಳೆಯದು.

ಸರೋವರದ ಕಾಳಿನ ಬೆಲೆ ಗದ್ದೆಯದಕ್ಕಿಂತ ಸಾಕಷ್ಟು ಹೆಚ್ಚು. ದೋಣಿ, ಕೋಲು, ಬೆಂಕಿಯ ದುಡಿಮೆಯನ್ನು ಬಲ್ಲವರಿಗೆ ಅದು ಅತಿಯೆನಿಸದು. ಅರಳಿಸಲು ಒಮ್ಮೆಗೆ ಬೇಕಾಗುವುದೂ ನಾಲ್ಕೈದು ಚಮಚವಷ್ಟೇ. ಇಂಗು, ಕರಿಬೇವು, ಕಡಲೆಬೀಜದ ಒಗ್ಗರಣೆಗೆ ಇದು ಚೆನ್ನಾಗಿ ಹೊಂದುತ್ತದೆ. ಅಲ್ಲಿಯವರಂತೆ ಮೇಪಲ್ ಮರದ ರಸದಿಂದ ಮಾಡಿದ ಸಕ್ಕರೆ ಉದುರಿಸಿದರೂ ಸೊಗಸು. ಅರಳಿದ ಮೇಲೆ ಬೇಗ ಮೆತ್ತಗಾಗುವುದರಿಂದ ಅಂದಂದಿನದನ್ನು ಅಂದೇ ತಿನ್ನಬೇಕು. ಕೊಳ್ಳುವಾಗ ‘ಹ್ಯಾಂಡ್ ಹಾರ್ವೆಸ್ಟೆಡ್’ (ಕೈಯಿಂದ ಕೊಯ್ದದ್ದು) ಎಂಬ ಬರಹವಿದೆಯೇ ಎಂದು ನೋಡಿ, ಯಾವ ವರ್ಷದ ಕೊಯ್ಲೆಂದು ಕೇಳಿ, ಮೊದಲು ಸಣ್ಣ ಪೊಟ್ಟಣವನ್ನೇ ತನ್ನಿ.